ನಗುತ್ತಿದ್ದವನ ಹೊಟ್ಟೆನೋವು

ಮುಖ್ಯ ವೈದ್ಯಾಧಿಕಾರಿಗಳಿಗೆ,

ಕಳೆದ ಸೋಮವಾರ ನಿಮ್ಮ ತುರ್ತು ಚಿಕಿತ್ಸಾ ಕೊಠಡಿಯಿಂದ ನನ್ನ ತಮ್ಮನನ್ನು ಮುಟ್ಟಿಯೂ ನೋಡದೆ ಮನೆಗೆ ಕಳಿಸಿದರು. ಮರುದಿನ ಅವನ ಅಪೆಂಡಿಕ್ಸ್ ಒಡೆಯಿತು. ಗುರುವಾರ ಅವನನ್ನು ಮಣ್ಣು ಮಾಡಿ ಬಂದೆವು.

ಅವನಿಗೆ ಆಟಿಸಂ ಇತ್ತು. ನೋವಾದರೆ ಅಳುತ್ತಿರಲಿಲ್ಲ, ನಗುತ್ತಿದ್ದ. ಚಿಕ್ಕವನಿದ್ದಾಗ ಕೈ ಮುರಿದುಕೊಂಡೂ ನಕ್ಕಿದ್ದ. ಇದನ್ನು ನಿಮ್ಮ ಡಾಕ್ಟರಿಗೆ ಬಿಡಿಸಿ ಹೇಳಿದೆ.

“ಹೊಟ್ಟೆನೋವಿರೋರು ಹೀಗೆ ಹಲ್ಲು ಕಿರೀತಾರೇನಮ್ಮಾ? ನೀವೇ ಸುಮ್ನೆ ಗಾಬರಿ ಬೀಳ್ತಿದ್ದೀರ,” ಎಂದರು.

“ಮುಟ್ಟಿ ನೋಡಿ ಡಾಕ್ಟ್ರೇ, ಹೊಟ್ಟೆ ಕಲ್ಲಾಗಿದೆ.”

“ನನಗೇ ಪಾಠ ಹೇಳ್ಕೊಡ್ತೀರಾ?” ಎಂದು ಎದ್ದು ಹೋದರು.

ಹೌದು, ಹೇಳಿಕೊಟ್ಟಿದ್ದೆ. ಆರು ವರ್ಷಗಳ ಹಿಂದೆ, ನನ್ನ ತಮ್ಮನಂಥವರನ್ನು ನೋಡಿಕೊಳ್ಳುವುದು ಹೇಗೆಂದು ನಿಮ್ಮ ಸಿಬ್ಬಂದಿಗೆ ತರಬೇತಿ ಕೊಡಿಸಿದಾಗ ಮಾತನಾಡಲು ನನ್ನನ್ನೇ ಕರೆದಿದ್ದಿರಿ. ಇದೇ ಡಾಕ್ಟರು ಮುಂದಿನ ಸಾಲಿನಲ್ಲಿದ್ದರು. ಈ ನಗುವಿನ ಬಗ್ಗೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಆಮೇಲೆ ನನ್ನ ಜೊತೆ ಬಂದಿದ್ದ ತಮ್ಮನ ಅಂಗಿಗೆ ಬ್ಯಾಡ್ಜು ಚುಚ್ಚಿ ಫೋಟೊ ತೆಗೆಸಿದಿರಿ. ಅವನು ಬಾಯಿತುಂಬ ನಗುವ ಆ ಫೋಟೊ ಇಂದಿಗೂ ನಿಮ್ಮ ಹೊರರೋಗಿ ವಿಭಾಗದ ಗೋಡೆಯ ಮೇಲಿದೆ. ಅಂದು ಮನೆಗೆ ಬಂದು ಅಂಗಿ ಬಿಚ್ಚಿಸಿದರೆ, ಪಿನ್ನು ಎದೆಗೆ ನಾಟಿ ರಕ್ತ ಹೆಪ್ಪುಗಟ್ಟಿತ್ತು.

ನಿನ್ನೆ ನಿಮ್ಮ ಕಚೇರಿಯವರು ಫೋನು ಮಾಡಿ, “ನಿಮಗೆ ನೋಡಲು ಕಷ್ಟವಾದರೆ ಆ ಫೋಟೊವನ್ನು ಗೋಡೆಯಿಂದ ತೆಗೆಸಿಬಿಡುತ್ತೇವೆ,” ಎಂದರು. ತೆಗೆಸಬೇಡಿ. ಅಷ್ಟೆಲ್ಲ ಹೇಳಿಕೊಟ್ಟ ಮೇಲೂ ಅವನ ಹೊಟ್ಟೆಯನ್ನು ಏಕೆ ಮುಟ್ಟಿ ನೋಡಲಿಲ್ಲ ಎಂಬುದಕ್ಕೆ ಉತ್ತರ ಬರೆದು, ನೀವೇ ಸಹಿ ಹಾಕಿ, ಆ ಫೋಟೊದ ಕೆಳಗೆ ಎಲ್ಲರೂ ಓದುವಂತೆ ಅಂಟಿಸಿ.

ಇತಿ,
ಫೋಟೊದಲ್ಲಿರುವವನ ಅಕ್ಕ