ಮೊದಲು ಹಬೆ ಹೆಚ್ಚಿಸಿ

ಮಂಗಳವಾರ, ಮಾರ್ಚ್ ೧೧

ಅಪ್ಪನಿಗೆ ಪುಟ್ಟಿಯ ನಮಸ್ಕಾರ.

ಇವತ್ತು ಬೆಳಿಗ್ಗೆ ಚಿಕ್ಕಪ್ಪ ಟೀ ಲೋಟಕ್ಕೆ ಕೈ ಚಾಚಿದಾಗ ಅಂಗೈ ಕಾಣಿಸಿತು. ‘ಒಲೆ ಆರಿಸು, ಬೀಗ, ಕನ್ನಡಕ’ ಎಂದು ನೀಲಿ ಪೆನ್ನಿನಲ್ಲಿ ಬರೆದುಕೊಂಡಿದ್ದರು. ಕಾರ್ಖಾನೆಯ ಕುಲುಮೆಯ ಅಷ್ಟೂ ವಾಲ್ವುಗಳ ನಂಬರನ್ನು ಬಾಯಲ್ಲೇ ಹೇಳುವ ಮನುಷ್ಯ! ಮೂರು ವಾರ ಕಾಗದ ಬರೆಯದಿದ್ದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಆ ಅಂಗೈ ನೋಡಿದ ಮೇಲೆ ಬರೆಯದೆ ಇರಲಾಗಲಿಲ್ಲ, ಅಷ್ಟೇ.

ಚಿಕ್ಕಮ್ಮ ಚೆನ್ನಾಗಿದ್ದಾರೆ. ಕಿಟಕಿಯಿರುವ ಕೋಣೆಯನ್ನು ನನಗೆ ಬಿಟ್ಟು ತಾವಿಬ್ಬರೂ ನಡುಮನೆಯಲ್ಲಿ ಮಲಗುತ್ತಾರೆ. ‘ಸಾಹಿತ್ಯ ಓದಿದಾಳೆ ಸಾರ್, ನಮ್ಮ ಬರವಣಿಗೆ ತಿದ್ದಿಕೊಡ್ತಾಳೆ’ ಎಂದು ಚಿಕ್ಕಪ್ಪ ಮ್ಯಾನೇಜರಿಗೆ ಹೇಳಿದ್ದಕ್ಕೇ ತಾನೇ ನನಗೆ ಈ ಕೆಲಸ ಸಿಕ್ಕಿದ್ದು? ಕುಲುಮೆ ನಡೆಸುವ ಕೈಪಿಡಿಯನ್ನು ಅವರು ಬರೆದುಕೊಟ್ಟರು, ನಾನು ಟೈಪು ಮಾಡಿದೆ.

ಈ ಚಳಿಗಾಲ ಈಥೇನ್ ಗ್ಯಾಸು ಸಾಲದೆ ಕುಲುಮೆಗೆ ಪೆಟ್ರೋಲಿನಂಥ ನಾಫ್ತಾ ಹಾಕಬೇಕಾಯಿತು. ಯಾವುದನ್ನು ಹಾಕಿದರೂ ಹಬೆಯ ಜೊತೆ ಕಾಯಿಸಿ, ಒಡೆದು, ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನ್ ತೆಗೆಯುವುದೇ. ಆದರೆ ಸ್ವಭಾವ ಬೇರೆ. ಚಿಕ್ಕಪ್ಪ ಹೊಸಬರಿಗೆ ಹೇಳುತ್ತಿದ್ದರು: ‘ಗ್ಯಾಸು ಸಾಧು ಅಳಿಯ ಕಣ್ರಯ್ಯಾ, ಒಬ್ಬನೇ ಬಂದು ಒಂದೇ ಕೆಲಸ ಮಾಡಿ ಹೋಗ್ತಾನೆ. ನಾಫ್ತಾ ಅಂದ್ರೆ ಬೀಗರ ದಂಡು. ಏನೇನೋ ಹೊತ್ಕೊಂಡು ಬಂದು, ಹೋಗುವಾಗ ಕೊಳವೆ ತುಂಬ ಮಸಿ ಬಿಟ್ಟು ಹೋಗ್ತಾರೆ. ಮಸಿ ಕಟ್ಟದ ಹಾಗೆ, ಅವರು ಬರೋ ಮೊದಲೇ ಹಬೆ ಹೆಚ್ಚಿಸಿ!’

ನಾಫ್ತಾ ಹಾಕಿದ ಪಾಳಿಯ ಹೊಸ ಆಪರೇಟರ್ ಹಬೆ ಹೆಚ್ಚಿಸಲಿಲ್ಲ. ಎರಡು ತಿಂಗಳು ಓಡಬೇಕಿದ್ದ ಕುಲುಮೆಯನ್ನು ಹದಿನೆಂಟನೇ ದಿನಕ್ಕೇ ನಿಲ್ಲಿಸಿ, ಕೊಳವೆಗಳ ಮಸಿ ಸುಡಬೇಕಾಯಿತು. ಅವನು ಕೈಪಿಡಿಯ ನಾಫ್ತಾ ಪುಟವನ್ನು ಮ್ಯಾನೇಜರ್ ಮುಂದೆ ಹಿಡಿದು, ‘ಇದ್ರಲ್ಲಿರೋ ಹಾಗೇ ಮಾಡಿದೀನಿ. ಹಬೆ ಮಾತು ಈ ಪುಟದಲ್ಲಿ ಎಲ್ಲಿದೆ ತೋರ್ಸಿ?’ ಎಂದ.

ನಾನು ಮೂಲೆಯ ಮೇಜಿನಲ್ಲೇ ಇದ್ದೆ. ಚಿಕ್ಕಪ್ಪ ಪುಟವನ್ನು ಎರಡು ಸಲ ಹಿಂದೆ ಮುಂದೆ ತಿರುವಿದರು. ‘ನಾನೇ ಬರೆಯೋಕೆ ಮರೆತಿದೀನಿ ಸಾರ್. ವಯಸ್ಸಾಯ್ತು’ ಎಂದರು. ನಾನು ತಲೆ ಬಗ್ಗಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

ಈಗ ಅವರನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಕ್ಯಾಂಟೀನಿನಲ್ಲಿ ಜೊತೆಯವರು, ‘ಮೇಷ್ಟ್ರೇ, ಟೀ ಕುಡಿದಿದ್ದು ನೆನಪಿದೆಯಾ, ಇನ್ನೊಂದು ಹೇಳ್ಲಾ?’ ಎನ್ನುತ್ತಾರೆ. ಚಿಕ್ಕಪ್ಪನೂ ನಗುತ್ತಾರೆ. ಮನೆಗೆ ಬಂದು ಚಿಕ್ಕಮ್ಮನನ್ನು, ‘ಇನ್ನೇನೇನು ಮರೀತಿದೀನಿ, ಮುಚ್ಚಿಡದೆ ಹೇಳೇ’ ಎಂದು ಕೇಳುತ್ತಾರೆ. ಶುಕ್ರವಾರ ಮರೆವಿನ ಡಾಕ್ಟರ ಹತ್ತಿರ ಹೋಗುತ್ತಾರಂತೆ.

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ. ಈ ಸಲ ಆಶೀರ್ವಾದ ಕೇಳಲು ನನಗೆ ಮುಖವಿಲ್ಲ. ಪೂರ್ತಿ ಓದಿದ ಮೇಲೂ ಕೊಡಬೇಕೆನಿಸಿದರೆ ಕೊಡಿ.

ನಿಮ್ಮ,
ಪುಟ್ಟಿ

ಮರೆಯದೆ ಸೇರಿಸಬೇಕಾದ್ದು: ಚಿಕ್ಕಪ್ಪ ಏನನ್ನೂ ಮರೆತಿರಲಿಲ್ಲ. ‘ಮೊದಲು ಹಬೆ ಹೆಚ್ಚಿಸಿ’ ಎಂದು ಮೊದಲ ಅಧ್ಯಾಯದಲ್ಲೂ ಬರೆದಿದ್ದರು, ನಾಫ್ತಾ ಪುಟದಲ್ಲೂ ಬರೆದಿದ್ದರು. ಹೇಳಿದ್ದನ್ನೇ ಹೇಳುವುದು ಬರವಣಿಗೆಯ ದೋಷವೆಂದು ಎರಡನೆಯದನ್ನು ನಾನು ಹೊಡೆದುಹಾಕಿದೆ. ಪುಟ ಚೆಂದವಾಯಿತೆಂದು ಹಿಗ್ಗಿದೆ. ಕುಲುಮೆಯ ಮುಂದೆ ನಿಂತವರು ತೆರೆಯುವುದು ಒಂದೇ ಪುಟ ಎಂಬುದು ನನಗೆ ಹೊಳೆಯಲಿಲ್ಲ. ಅವರ ಕೈಬರಹದ ಹಾಳೆ, ಆ ಸಾಲಿನ ಮೇಲೆ ನನ್ನ ಕೆಂಪು ಗೀರಿನ ಸಮೇತ, ಮೂರು ವಾರದಿಂದ ನನ್ನ ಡ್ರಾಯರಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ನಾಳೆ ಅದನ್ನು ಮ್ಯಾನೇಜರ್ ಮೇಜಿನ ಮೇಲೆ ಇಡುತ್ತೇನೆ. ಅದಕ್ಕೂ ಮೊದಲು, ಉಗ್ರಾಣಕ್ಕೆ ಹೋಗಿ, ಚಿಕ್ಕಪ್ಪನ ಆ ಅಂಗೈಯಲ್ಲಿ.