ಬೆರಳಲ್ಲಿ ಕೀಳುವ ಕೂದಲು

ತಮ್ಮಾ,

ನೀನು ತೀರಿಕೊಂಡ ಮೇಲೆ ನಿನ್ನ ಗಿಡ್ಡ ಬೇಟೆನಾಯಿ ನನ್ನ ಕೊರಳಿಗೆ ಬಿತ್ತು. ಅದರ ಒರಟು ಕೂದಲನ್ನು ನೀನು ಬೆರಳಲ್ಲಿ ಕೀಳುತ್ತಿದ್ದಾಗ, "ಕಟುಕ, ಮೂಕಪ್ರಾಣಿಗೆ ಯಾಕೋ ಹಿಂಸೆ?" ಎಂದು ನೆಂಟರೆದುರೇ ಬೈದಿದ್ದೆ. ಈಗ ಅದು ನನ್ನ ಕೈಗೆ ಬಂದದ್ದೇ ದೊಡ್ಡ ದಯಾವಂತನ ಹಾಗೆ ಮಷೀನು ಹಿಡಿದು ಬೋಳಿಸಿದೆ. ಆಮೇಲೆ ಹತ್ತಿಯಂಥ ಕೂದಲು ಬಂತು, ಚರ್ಮವೆಲ್ಲ ಕೆಂಪಾಯಿತು.

ಇವತ್ತು ನಾಯಿ ಡಾಕ್ಟರಮ್ಮ ಸತ್ತ ಕೂದಲನ್ನು ಚಿವುಟಿ ಕಿತ್ತು ತೋರಿಸಿದರು. ನಾಯಿ ಅವರ ತೊಡೆಯ ಮೇಲೆ ಗಡ್ಡವಿಟ್ಟು ನಿದ್ದೆಹೋಯಿತು.

"ನೋಡಿ ಯಜಮಾನ್ರೇ, ಒಂಚೂರೂ ನೋಯಲ್ಲ. ಈ ಜಾತಿಗೆ ಮಷೀನು ಹಾಕಬಾರದು. ಯಾವ ಪುಣ್ಯಾತ್ಮ ಬೋಳಿಸಿದ್ದು?"

"ನನ್ನ ತಮ್ಮ" ಎಂದುಬಿಟ್ಟೆ ಕಣೋ.

"ಅವರಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು.

"ಹೇಳ್ತೀನಿ" ಎಂದು ತಲೆಯಾಡಿಸಿ ಬಂದೆ.

ನಿನ್ನ ಅಣ್ಣ