ಪುರುಸೊತ್ತಿದ್ದರೆ ಓದಿ

ಕಣ್ಣಾಸ್ಪತ್ರೆಯ ಮುಖ್ಯಾಧಿಕಾರಿಗಳೇ,

ಕಣ್ಣು ಕಾಣದವರಿಗೆಂದು ತಾವು ಅಚ್ಚು ಹಾಕಿಸಿರುವ ಸೂಚನಾ ಪತ್ರವನ್ನು ಓದಲು ಕಣ್ಣು ಬಹಳ ಚೆನ್ನಾಗಿರಬೇಕು. ಇದೇ ನನ್ನ ದೂರು. ಇದರ ದೆಸೆಯಿಂದ ನನ್ನ ಅಕ್ಕನ ಪೊರೆ ಆಪರೇಷನ್ ಎರಡು ಸಲ ತಪ್ಪಿದೆ. ಮೂರನೆಯ ಸಲ ಯಾವ ದಿನ ಎಂದು ಪತ್ರದಲ್ಲಿ ಇನ್ನೂ ಹುಡುಕುತ್ತಿದ್ದೇನೆ.

ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು ನಾನು. ಮದುವೆ ಕರೆಯೋಲೆಯಲ್ಲಿ ಗಂಡುಹೆಣ್ಣಿನ ಹೆಸರಿಗೆ ದೊಡ್ಡ ಮೊಳೆ, ದಿನಕ್ಕೆ ಅದಕ್ಕಿಂತ ಚಿಕ್ಕದು, ನೆಂಟರ ಪಟ್ಟಿಗೆ ತೀರಾ ಸಣ್ಣದು. ಇಲ್ಲದಿದ್ದರೆ ಬಂದವರು ಚಿಕ್ಕಪ್ಪನಿಗೇ ಮದುವೆ ಅಂದುಕೊಂಡಾರು. ತಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ ಯಾವುದಕ್ಕೆ? ತಮ್ಮ ಹುದ್ದೆಗೆ. ಆಮೇಲೆ 'ಗೋಡೆಗೆ ಒರಗಬಾರದು'. ಉಳಿದದ್ದೆಲ್ಲ ಇರುವೆ ಸಾಲು. ತಲೆಬರಹವಿಲ್ಲ, ನಡುವೆ ಉಸಿರಾಡಲು ಜಾಗವಿಲ್ಲ.

ಮೊದಲ ಸಲ ನರ್ಸಮ್ಮ ಬಾಗಿಲಲ್ಲೇ ತಡೆದರು.

"ಮೂರು ದಿನದಿಂದ ಕಣ್ಣಿಗೆ ಹನಿ ಹಾಕಿದ್ದೀರಾ?"

"ಹಾಕಬೇಕು ಅಂತ ಯಾರಮ್ಮ ಹೇಳಿದ್ದು?"

"ನಲವತ್ತೊಂದನೇ ಸಾಲಲ್ಲಿದೆ, ನೋಡಿ."

ನೋಡಿದೆ. ಸೈಕಲ್ ನಿಲ್ಲಿಸುವ ಜಾಗಕ್ಕೂ, ಚಪ್ಪಲಿ ಕಳೆದರೆ ಆಸ್ಪತ್ರೆ ಹೊಣೆಯಲ್ಲ ಎಂಬುದಕ್ಕೂ ನಡುವೆ ಹನಿ ಮುದುರಿ ಕೂತಿತ್ತು. ಅಕ್ಕ ನನ್ನನ್ನೇ ಬೈದಳು: "ಜೀವಮಾನವಿಡೀ ಊರಿಗೆಲ್ಲ ಅಕ್ಷರ ಜೋಡಿಸಿಕೊಟ್ಟೆ. ನನ್ನದೊಂದು ಕಾಗದ ಓದೋಕೆ ಆಗಲಿಲ್ವೇನೋ ನಿಂಗೆ?"

ತಮ್ಮ ಕೋಣೆಗೇ ಬಂದು ಹೇಳಿಕೊಂಡೆ, ನೆನಪಿರಬಹುದು. ಆ ಸಾಲು ಹುಡುಕಲು ತಾವು ಭೂತಗನ್ನಡಿ ತರಿಸಿದಿರಿ. ಆದರೂ ಸಿಗಲಿಲ್ಲ. "ಸರಿಪಡಿಸ್ತೀವಿ ಯಜಮಾನ್ರೇ" ಎಂದಿರಿ, ಮಾತಿಗೆ ತಪ್ಪಲಿಲ್ಲ. ಒಂದು ಸಾಲು ದೊಡ್ಡದಾದರೆ ಇನ್ನೊಂದಕ್ಕೆ ಬೇಜಾರಾದೀತೆಂದು ಎಲ್ಲ ಸಾಲನ್ನೂ ದಪ್ಪ ಮಾಡಿಸಿ, ಕೆಂಪು ಬಳಿಸಿ, ಅಡಿಗೆರೆ ಎಳೆಸಿದಿರಿ. ಪತ್ರ ಈಗ ದುಪ್ಪಟಿಯಷ್ಟಿದೆ. ಮಡಿಸಲು ಇಬ್ಬರು ಬೇಕು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಸ್ವಾಮಿ? ಹನಿಯ ಸಾಲು ಹೇಗೋ ಸಿಕ್ಕಿತು, ಹಾಕಿಕೊಂಡು ಹೋದೆವು. ಅಕ್ಕನ ಸರದಿ ಹಿಂದಿನ ದಿನವೇ ಕಳೆದುಹೋಗಿತ್ತಂತೆ. ಆ ತಾರೀಖು ಮಡಿಕೆಯೊಳಗಿತ್ತು.

ಅಕ್ಕ ಹೊಲಿಗೆಯವಳು. ಕಣ್ಣು ಮಂಜಾದರೂ ಮಿಷನ್ ಬಿಟ್ಟಿಲ್ಲ. ಕೈಯ ಅಂದಾಜಿನಲ್ಲೇ ಹೊಲಿಯುತ್ತಾಳೆ. ಹೋದ ವಾರ ನನಗೊಂದು ಅಂಗಿ ಹೊಲಿದುಕೊಟ್ಟಳು. ಬಲತೋಳಿನ ಬಾಯಿ ಪೂರ್ತಿ ಹೊಲಿದುಹೋಗಿದೆ.

"ಸರಿಯಾಗಿದೆಯೇನೋ?" ಎಂದಳು.

"ಅಳೆದು ಹೊಲಿದ ಹಾಗಿದೆ ಅಕ್ಕ" ಎಂದೆ. ಬಲಗೈಯನ್ನು ಆ ತೋಳಿನೊಳಗೇ ಬಿಟ್ಟುಕೊಂಡೆ.

ಆದ್ದರಿಂದ ಒತ್ತಾಯಿಸುತ್ತೇನೆ: ಯಾವ ದಿನ, ಹನಿ ಯಾವಾಗ, ಇವೆರಡನ್ನು ಮಾತ್ರ ಮೇಲೆ ದೊಡ್ಡದಾಗಿ ಹಾಕಿಸಿ. ಚಪ್ಪಲಿ, ಗೋಡೆ, ತಮ್ಮ ಹುದ್ದೆ, ಮೂರನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ತಲೆಬರಹದಡಿ ಸೇರಿಸಬಹುದು: 'ಪುರುಸೊತ್ತಿದ್ದರೆ ಓದಿ'. ಬೇಕಾದರೆ ನಾನೇ ಬಂದು ಪುಕ್ಕಟೆ ಜೋಡಿಸಿಕೊಡುತ್ತೇನೆ, ಬಲಗೈ ಹೊರಬಂದ ಮೇಲೆ.

ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ. ತಾನು ಹೊಲಿದ ಅಂಗಿ ಹಾಕಿಕೊಂಡಿದ್ದೇನಾ ಎಂದು ಆಗಾಗ ನನ್ನ ಭುಜ ಮುಟ್ಟಿ ನೋಡುತ್ತಾಳೆ.

ಇಂತಿ,
ಎಡಗೈಯಲ್ಲಿ ಬರೆದ,
ಅವಳಿಗೆ ಕಣ್ಣು ಬರುವ ತನಕ ಈ ಅಂಗಿ ಬಿಚ್ಚಲಾರದ
ತಮ್ಮ